ಕ್ಯಾಪ್ಟನ್‌ನನ್ನು ಬಿಟ್ಟುಕೊಡಲು ಕೈ ಎತ್ತಿದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಮೇಲಿನ ವಾರ್ಡುಗಳ ಕೊಳೆ ಬಟ್ಟೆಯೆಲ್ಲ ಗೋಡೆಯೊಳಗಿನ ಅಗಲವಾದ ಕೊಳವೆಯಲ್ಲಿ ಜಾರಿಕೊಂಡು ಬಂದು ಧೊಪ್ಪನೆ ಬೀಳುತ್ತಿತ್ತು. ರಕ್ತ ಹತ್ತಿದ್ದನ್ನು ಒಂದು ಕಡೆ, ಬರೀ ಬೆವರಿನದ್ದನ್ನು ಇನ್ನೊಂದು ಕಡೆ ಹಾಕಿಸಿ, ಕೋಣೆಯಷ್ಟು ದೊಡ್ಡ ಯಂತ್ರಗಳಿಗೆ ತುಂಬಿಸುವುದು ದೊಡ್ಡಕ್ಕನ ಕೆಲಸ. ಹೊದಿಕೆಗಳ ಮಡಿಕೆಯಲ್ಲಿ ಚಮಚ, ಕನ್ನಡಕ, ಥರ್ಮಾಮೀಟರು ಏನೇನೋ ಸಿಗುತ್ತಿದ್ದವು. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಾಗ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಹಡಿ ಹತ್ತಿ, "ಬೆಳಗ್ಗೆಯಿಂದ ಯಾರು ನಗ್ತಾ ಇಲ್ಲ, ಹೇಳಿ" ಎಂದು ವಾರ್ಡು ವಾರ್ಡಿನಲ್ಲೂ ಕೇಳಿಕೊಂಡು ಬಂದವಳು ಅವಳು. ಕಂಡದ್ದನ್ನು ಕಂಡ ಹಾಗೆ ಹೇಳುವ ಹೆಂಗಸು. ದೊಡ್ಡ ಡಾಕ್ಟರೇ ನಿಲುವಂಗಿಯ ಜೇಬಿನಲ್ಲಿ ಪೆನ್ನು ಬಿಟ್ಟು ಕಳಿಸಿದ್ದರೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು.

ದೊಡ್ಡಕ್ಕ ಎಂಬ ಹೆಸರು ಕೊಟ್ಟವನು ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಇದ್ದ ಒಬ್ಬ ಅಕ್ಕನನ್ನೇ ಅವನು ದೊಡ್ಡಕ್ಕ ಎಂದು ಕರೆದ, ಬೀದಿಯವರೂ ಹಾಗೇ ಕರೆದರು. ಅಪ್ಪ ಮುದ್ರಣಾಲಯದಲ್ಲಿ ದುಡಿಯುತ್ತಿದ್ದ. ರಜೆಯ ದಿನ ಮಕ್ಕಳನ್ನು ಬಿಡಲು ಮನೆಯಲ್ಲಿ ಯಾರೂ ಇಲ್ಲವೆಂದು ಇಬ್ಬರನ್ನೂ ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದ. ಹಾಗೆ ಹತ್ತಿದ ಗೀಳು ಬಿಡಲಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಪೂರ್ವದ ಗ್ಯಾಲರಿಯಲ್ಲಿ ಕಂಬದ ಹಿಂದಿನ ಎರಡು ಸೀಟು. ಕಂಬ ಅಡ್ಡ ಬಂದು ಒಂದು ಕಡೆಯ ಗೋಲು ಅರ್ಧವೇ ಕಾಣುತ್ತಿತ್ತು. "ಅದೇ ಒಳ್ಳೇದು, ನಮ್ಮೋರು ಸೋತಿದ್ದನ್ನ ಅರ್ಧ ಮಾತ್ರ ನೋಡಿದೀವಿ" ಎಂದು ತಮ್ಮ ನಗುತ್ತಿದ್ದ.

ತಮ್ಮ ಶಾಲಾ ಬಸ್ಸಿನ ಡ್ರೈವರು. ಮಕ್ಕಳ ಗಲಾಟೆಯನ್ನು ಮೀರಿಸಬೇಕಲ್ಲ, ಗಂಟಲು ಹಾಗೇ ಬೆಳೆದಿತ್ತು. ಗ್ಯಾಲರಿಯಲ್ಲಿ ಅವನಿಗೆ ಕಹಳೆ ಎಂದೇ ಹೆಸರು. ಅವನು ಮೊದಲು ಕೂಗುವುದು, ಮಿಕ್ಕವರು ಅದನ್ನು ಎತ್ತಿಕೊಳ್ಳುವುದು, ಇದು ನಡೆದುಕೊಂಡು ಬಂದ ಪದ್ಧತಿ. ಅವನು ಹೆಂಡತಿಯೊಂದಿಗೆ ಮಹಡಿಯ ಮೇಲಿದ್ದ, ಮದುವೆ ಒಲ್ಲೆ ಎಂದಿದ್ದ ಅಕ್ಕ ಕೆಳಗಿದ್ದಳು. ಅಡುಗೆ ಒಂದೇ.

ಹಿಂದಿನ ಸೀಸನ್ನಿನ ಕೊನೆಯ ಪಂದ್ಯ ಸಮ ಆಗಿದ್ದರೂ ಸಾಕಿತ್ತು, ಕ್ಲಬ್ಬು ಮೇಲಿನ ದರ್ಜೆಗೆ ಏರುತ್ತಿತ್ತು. ಆಟ ಇನ್ನೇನು ಮುಗಿಯಬೇಕು, ಆಗ ಕ್ಯಾಪ್ಟನ್ ತಮ್ಮದೇ ಗೋಲ್‌ಕೀಪರಿಗೆ ಹಿಂದಕ್ಕೆ ಒದ್ದ ಚೆಂಡು ಕೀಪರಿನ ಕಾಲಿಗೆ ಸಿಗದೆ ಗೋಲಿನೊಳಗೆ ಹೋಯಿತು. ಹನ್ನೊಂದು ವರ್ಷ ಅದೇ ಅಂಗಿ ತೊಟ್ಟು ಹಿಂಬದಿಯಲ್ಲಿ ಗೋಡೆಯ ಹಾಗೆ ನಿಂತವನು ಅವನು. ಮೈದಾನವೆಲ್ಲ ಒಂದು ಗಳಿಗೆ ಸುಮ್ಮನಾಯಿತು. ಆ ಮೌನದಲ್ಲಿ ಕಹಳೆ ಎದ್ದು ನಿಂತು ಕೂಗಿದ: "ಎಷ್ಟಕ್ಕೋ ಮಾರ್ಕೊಂಡೆ?" ಗ್ಯಾಲರಿ ಅದನ್ನು ಎತ್ತಿಕೊಂಡಿತು. ಚಪ್ಪಾಳೆಯ ತಾಳಕ್ಕೆ ಅದೇ ಮಾತು ಮತ್ತೆ ಮತ್ತೆ, ಆಟಗಾರರು ಒಳಗೆ ಹೋಗುವ ತನಕ.

ಸಿಟ್ಟಿನಲ್ಲಿ ಜನ ಏನೇನೋ ಅನ್ನುತ್ತಾರೆ. ವಾರ ಕಳೆಯುವುದರೊಳಗೆ ಸಿಟ್ಟು ಇಳಿದಿತ್ತು. "ಪಾಪ, ಅವನೇನು ಮಾಡ್ತಾನೆ? ಮುಂದೆ ಗೋಲು ಹೊಡೆಯೋರಿಲ್ಲ, ಹಿಂದೆ ಕಾಯೋನು ಒಬ್ಬನೇ. ತಪ್ಪೆಲ್ಲ ಆಟಗಾರರನ್ನ ಆರಿಸಿ ತರೋರದ್ದು" ಎಂದು ತಮ್ಮನೇ ಚಹಾ ಅಂಗಡಿಯಲ್ಲಿ ಭಾಷಣ ಬಿಗಿದ.

ಅದರಲ್ಲಿ ಸುಳ್ಳಿರಲಿಲ್ಲ. ಕ್ಲಬ್ಬು ಆಟಗಾರರನ್ನು ತರುತ್ತಿದ್ದ ರೀತಿ ನಗೆಪಾಟಲಾಗಿತ್ತು. ಒಬ್ಬ ಬಂದ ದಿನವೇ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ವರ್ಷವಿಡೀ ಬೆಂಚಿನ ಮೇಲೆ ಕೂತ. ಇನ್ನೊಬ್ಬ ಅಂಗಿಯ ಮೇಲೆ ಹೆಸರು ಒಣಗುವ ಮುಂಚೆಯೇ ಬೇರೆ ಕ್ಲಬ್ಬಿಗೆ ಹೊರಟ. ಹಿಂಬದಿ ಸೋರುತ್ತಿದ್ದರೂ ಅಧ್ಯಕ್ಷರು ಹೋಗಿ ಹೋಗಿ ಕೂದಲಿಗೆ ಬಣ್ಣ ಹಚ್ಚಿದ ಮುಂಬದಿಯವನನ್ನೇ ಕರೆತಂದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದಳು ದೊಡ್ಡಕ್ಕ. ಅಭಿಮಾನಿಗಳು ಕ್ಲಬ್ಬಿನ ಗೇಟಿಗೆ ಅಡ್ಡ ಕೂತರು. ಕೊನೆಗೆ ಅಧ್ಯಕ್ಷರು ಹೊರಗೆ ಬಂದು, ಆಟಗಾರರ ಆಯ್ಕೆ ಸಮಿತಿಯಲ್ಲಿ ಅಭಿಮಾನಿಗಳಿಗೂ ಒಂದು ಕುರ್ಚಿ ಕೊಡುವುದಾಗಿ ಒಪ್ಪಿಕೊಂಡರು. ಒಂದೇ ಷರತ್ತು, ಒಳಗಿನ ಮಾತು ಹೊರಗೆ ಹೋಗಕೂಡದು.

"ದೊಡ್ಡಕ್ಕನ್ನ ಕಳಿಸಿ. ಅವಳಿಗೆ ಯಾರ ಮುಲಾಜೂ ಇಲ್ಲ" ಎಂದು ಮೊದಲು ಕೂಗಿದವನು ತಮ್ಮನೇ. ಎಲ್ಲರೂ ಹೌದೆಂದರು.

ಸಮಿತಿ ಸೇರುತ್ತಿದ್ದದ್ದು ಕ್ಲಬ್ಬಿನ ಕಚೇರಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಅಧ್ಯಕ್ಷರು, ಕಾರ್ಯದರ್ಶಿ, ಕೋಚ್, ಹಿಂದೆ ಆಡಿ ನಿವೃತ್ತನಾಗಿದ್ದ ಒಬ್ಬ ಹಿರಿಯ, ಐದನೆಯವಳು ದೊಡ್ಡಕ್ಕ. ಗೋಡೆಯ ಮೇಲೆ ಆಟಗಾರರ ವಿಡಿಯೊ ತೋರಿಸಿದರು. ಒಬ್ಬೊಬ್ಬನೂ ಒದ್ದ ಚೆಂಡೆಲ್ಲ ಗೋಲೇ.

"ಇವೆಲ್ಲ ಹೆಣ್ಣಿನ ಕಡೆಯೋರಿಗೆ ಕಳಿಸೋ ಫೋಟೋ ಇದ್ದ ಹಾಗಿವೆ. ಇವನು ಚೆಂಡು ಕಳ್ಕೊಂಡಿದ್ದು, ಸುಸ್ತಾಗಿ ನಿಂತಿದ್ದು ಎಲ್ಲಾದ್ರೂ ಇದ್ರೆ ತೋರ್ಸಿ" ಎಂದಳು ಅವಳು.

ಕೋಚ್ ನಕ್ಕ. ಆದರೆ ಅಂಥದ್ದು ಅವರ ಹತ್ತಿರ ಇರಲಿಲ್ಲ.

ಆ ದಿನಗಳಲ್ಲಿ ಬೀದಿ ತುಂಬ ಗಾಳಿ ಸುದ್ದಿ. ಎಡಗಾಲಲ್ಲಿ ಒದೆಯುವ ಯಾರೋ ದೊಡ್ಡ ಆಟಗಾರ ವಿಮಾನ ಹತ್ತಿದ್ದಾನಂತೆ, ಇಲ್ಲ, ಇಳಿದೇ ಬಿಟ್ಟನಂತೆ, ಅವನ ಹೆಂಡತಿ ಮನೆ ನೋಡಲು ಬಂದಿದ್ದಳಂತೆ. ಚಹಾ ಅಂಗಡಿಯವನು ಅವನ ಹೆಸರಿನ ಅಂಗಿಯನ್ನೂ ಹೊಲಿಸಿ ನೇತುಹಾಕಿದ. ಕೂಸು ಹುಟ್ಟುವ ಮೊದಲೇ ಕುಲಾವಿ. ಊಟಕ್ಕೆ ಕೂತಾಗ ತಮ್ಮ ಪೀಡಿಸುತ್ತಿದ್ದ.

"ಬಾಯಿ ಬಿಡಬೇಡ ಅಕ್ಕಾ. ಬರ್ತಾನೆ ಅಂದ್ರೆ ಒಂದು ಸಲ ಕಣ್ಣು ಮಿಟುಕಿಸು, ಸಾಕು."

"ಕಣ್ಣಿಗೆ ಕಸ ಬಿದ್ರೂ ನೀನು ಊರಿಗೆಲ್ಲ ಡಂಗುರ ಹೊಡೀತೀಯ" ಎಂದು ಅವಳು ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ನಿಜವಾಗಿ ಅವಳಿಗೂ ಆಸೆಯಿತ್ತು. ಈ ವರ್ಷ ಮುಂದೆ ಒಬ್ಬ ಒಳ್ಳೆಯವನು ಸಿಕ್ಕರೆ, ಹಿಂದೆ ಹೇಗೂ ಕ್ಯಾಪ್ಟನ್ ಇದ್ದಾನೆ ಎಂದು ಯಂತ್ರಗಳ ನಡುವೆ ಓಡಾಡುವಾಗಲೂ ಲೆಕ್ಕ ಹಾಕುತ್ತಿದ್ದಳು.

ಎರಡನೆಯ ಸಭೆಗೆ ಕ್ಯಾಪ್ಟನ್ ತಾನೇ ಬಂದ. ಮೈದಾನದಲ್ಲಿ ಅಷ್ಟು ಎತ್ತರ ಕಾಣುತ್ತಿದ್ದವನು ಕುರ್ಚಿಯಲ್ಲಿ ಬೆನ್ನು ಬಾಗಿಸಿ ಕೂತಾಗ ಚಿಕ್ಕವನಾಗಿ ಕಂಡ.

"ನನ್ನ ಬಿಟ್ಟುಬಿಡಿ ಸಾರ್. ಬೇರೆ ಕ್ಲಬ್ಬಿನವರು ಕೇಳಿದ್ದಾರೆ, ಕೊಟ್ಟುಬಿಡಿ" ಎಂದ.

ಅಧ್ಯಕ್ಷರು ಸಂಬಳದ ಮಾತು ತೆಗೆದರು. ಅವನು ತಲೆ ಅಲ್ಲಾಡಿಸಿದ.

"ಅದಲ್ಲ. ಆ ಕೊನೇ ಪಂದ್ಯದ ದಿನ ನನ್ನ ಹೆಂಡ್ತಿ, ಮಗಳು ಗ್ಯಾಲರೀಲಿ ಇದ್ರು. ಮನೆಗೆ ಬಂದ್ಮೇಲೆ ಮಗಳು ಕೇಳಿದ್ಲು, 'ಅಪ್ಪಾ, ಎಷ್ಟಕ್ಕೋ ಮಾರ್ಕೊಂಡೆ?' ಅಂತ. ಅವಳಿಗೆ ಅರ್ಥ ಗೊತ್ತಿಲ್ಲ. ಹಾಡು ಅಂದ್ಕೊಂಡಿದ್ದಾಳೆ. ಆಡ್ತಾ ಆಡ್ತಾ ಅದನ್ನೇ ಹೇಳ್ತಾಳೆ, ಚಪ್ಪಾಳೆ ತಟ್ಟಿಕೊಂಡು."

ಅವನು ಮೇಜಿನ ಅಂಚನ್ನು ಹಿಡಿದುಕೊಂಡು ಮುಂದುವರಿಸಿದ.

"ಮೊದಲು ಕೂಗಿದ್ದು ಒಂದೇ ದನಿ, ಕಂಬದ ಕಡೆಯಿಂದ. ನಂಗೆ ಆ ದನಿ ಗೊತ್ತು. ಹನ್ನೊಂದು ವರ್ಷ ನನ್ನ ಹೆಸರು ಕೂಗಿದ ದನಿ ಅದು. ಬೇರೆ ಯಾರಾದ್ರೂ ಅಂದಿದ್ರೆ ದಾಟಿ ಬಿಡ್ತಿದ್ದೆ. ಈಗ ಇಲ್ಲಿನ ಅಂಗಿ ಹಾಕ್ಕೊಳ್ಳೋಕೆ ಮನಸ್ಸು ಬರಲ್ಲ. ಇನ್ನೊಂದು ಬೇಡಿಕೆ ಇದೆ. ನಾನಾಗಿ ಹೋದೆ ಅಂತ ಹೇಳ್ಬೇಡಿ. ನನ್ನ ಹೆಂಡ್ತಿಯ ತೌರು ಇಲ್ಲೇ, ಅತ್ತೆ ಮಾವ ಬೀದೀಲಿ ಓಡಾಡ್ಬೇಕು. ಕ್ಲಬ್ಬೇ ಮಾರ್ತು ಅನ್ಲಿ."

ಆ ದನಿ ಯಾರದೆಂದು ಕೋಣೆಯಲ್ಲಿ ಗೊತ್ತಿದ್ದದ್ದು ದೊಡ್ಡಕ್ಕನೊಬ್ಬಳಿಗೆ. ಕ್ಯಾಪ್ಟನ್ ಅವಳನ್ನು ನೋಡಿ, "ಅಕ್ಕಾ, ನೀವು ಜನರ ಕಡೆಯೋರು. ನೀವೂ ಮಾತು ಕೊಡ್ಬೇಕು" ಎಂದ.

"ಕೊಟ್ಟೆ" ಎಂದಳು.

ಅವನು ಹೋದ ಮೇಲೆ ವಾದ ನಡೆಯಿತು. ಕೋಚ್ ಮತ್ತು ಕಾರ್ಯದರ್ಶಿ ಬಿಡಬಾರದು ಎಂದರು. ಒಪ್ಪಂದ ಇನ್ನೂ ಮುಗಿದಿಲ್ಲ, ನಾಲ್ಕು ದಿನ ಹೋದರೆ ಸರಿಹೋಗುತ್ತಾನೆ ಎಂಬುದು ಅವರ ಮಾತು. ಅಧ್ಯಕ್ಷರೂ ಆ ಹಿರಿಯ ಆಟಗಾರನೂ ಮನಸ್ಸು ಮುರಿದವನನ್ನು ಕಟ್ಟಿಹಾಕಿ ಏನು ಮಾಡುವುದು ಎಂದರು. ಉಳಿದದ್ದು ದೊಡ್ಡಕ್ಕನ ಕೈ. ಅವಳು ಎತ್ತಿದಳು. ಅವನ ಸಂಕಟಕ್ಕೆ ಎತ್ತಿದೆನೋ, ತಮ್ಮನ ದನಿ ಇನ್ನೊಮ್ಮೆ ಅವನ ಕಿವಿಗೆ ಬೀಳದಿರಲಿ ಎಂದು ಎತ್ತಿದೆನೋ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಸುದ್ದಿ ಹೊರಬಿದ್ದ ದಿನ ಊರು ಹೊತ್ತಿಕೊಂಡಿತು. ಎಡಗಾಲಿನವನು ಬರಲೇ ಇಲ್ಲ. ಕ್ಯಾಪ್ಟನ್ ಜಾಗಕ್ಕೆ ಯಾರೂ ಹೆಸರು ಕೇಳದ, ಮಾತೇ ಆಡದ ಹೊಸಬನೊಬ್ಬ ಬಂದ. ಕ್ಲಬ್ಬಿನ ಗೋಡೆಗೆ ಜನ ಮಸಿ ಬಳಿದರು. ಮುಂದಾಳು ತಮ್ಮ. ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನೀನು ಆ ಕೋಣೇಲಿ ಇದ್ದೆ ತಾನೆ?"

"ಇದ್ದೆ."

"ಬೇಡ ಅಂತ ಹೇಳಿದೆ ತಾನೆ?"

ದೊಡ್ಡಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲ. ಬಿಡೋಣ ಅಂತ ಕೈ ಎತ್ತಿದೆ."

"ಯಾಕೆ?"

"ಅದನ್ನ ಹೇಳೋ ಹಾಗಿಲ್ಲ."

"ಕುರ್ಚಿ ಕೊಟ್ಟ ತಕ್ಷಣ ಅವರ ಪಕ್ಷ ಆದೆ. ಅಪ್ಪ ಇದ್ದಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ" ಎಂದು ಅವನು ಮಹಡಿ ಹತ್ತಿದ. ಅವನ ಹೆಂಡತಿ ಒಲೆಯ ಮುಂದೆಯೇ ನಿಂತಿದ್ದಳು. "ಅಕ್ಕಾ, ಒಂದು ಮಾತು ಹೇಳ್ಬಿಡಿ ಅವ್ರಿಗೆ, ಸಮಾಧಾನ ಆಗ್ತಾರೆ" ಎಂದಳು. ದೊಡ್ಡಕ್ಕ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತಳು.

ಅಂದಿನಿಂದ ತಮ್ಮನ ಊಟ ಮೇಲೆ ಹೋಯಿತು. ಅಕ್ಕ ಕೈ ಎತ್ತಿದ್ದು ಅವನ ಬಾಯಿಂದಲೇ ಊರಿಗೆಲ್ಲ ಗೊತ್ತಾಯಿತು. ಚಹಾ ಅಂಗಡಿಯಲ್ಲಿ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲೂ ಬಾಯ್ಲರಿನವನು ಕ್ಲಬ್ಬಿನ ಪರಮ ಭಕ್ತ. "ಉಗಿ ಕಡಿಮೆ ಇದೆ, ನೋಡಪ್ಪಾ" ಎಂದರೆ, "ನಿಮ್ಮ ಕೈಲಿದೆಯಲ್ಲ ಎಲ್ಲಾ, ನೀವೇ ಕೈ ಎತ್ತಿ ನೋಡಿ" ಎನ್ನುತ್ತಿದ್ದ. ಜೊತೆಯವರು ನಗು ತಡೆಯಲು ಹೊದಿಕೆಗೆ ಮುಖ ಹಾಕುತ್ತಿದ್ದರು. ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದವಳು ಈಗ ಮಾತು ಕೇಳಿಸದವಳ ಹಾಗೆ ದಿಂಬಿನ ಚೀಲ ಎಣಿಸುತ್ತಿದ್ದಳು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಮ್ಮನ ಮೇಲೆ ಸಿಟ್ಟು ಬರುತ್ತಿತ್ತು, ಅದರ ಬೆನ್ನಿಗೇ ಅವನಿಗೆ ಗೊತ್ತಾದರೆ ಏನಾದೀತು ಎಂಬ ಭಯ ಬರುತ್ತಿತ್ತು.

ಆದರೂ ಮೈದಾನಕ್ಕೆ ಹೋಗುವುದನ್ನು ಅವಳು ಬಿಡಲಿಲ್ಲ. ತಮ್ಮ ಬೇರೆ ಸಾಲಿಗೆ ಹೋಗಿ ಕೂತ. ಕಂಬದ ಹಿಂದೆ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ಹೊಸಬ ಚೆಂಡು ಮುಟ್ಟಿದರೆ ಸಾಕು, ಗ್ಯಾಲರಿ ಹೂಯ್ಲಿಡುತ್ತಿತ್ತು. ಅವನು ಕೆಟ್ಟದಾಗಿ ಆಡಲಿಲ್ಲ, ಚೆನ್ನಾಗಿಯೂ ಆಡಲಿಲ್ಲ. ಕೂಗು ಕೇಳಿಸಿದಾಗಲೆಲ್ಲ ಚೆಂಡನ್ನು ಅವಸರದಲ್ಲಿ ಯಾರ ಕಾಲಿಗೋ ತಳ್ಳಿಬಿಡುತ್ತಿದ್ದ. ಇವನ ಮನೆಯಲ್ಲೂ ಯಾರಾದರೂ ಮಕ್ಕಳಿರಬಹುದೆ ಎಂದು ಅವಳು ಯೋಚಿಸುತ್ತಿದ್ದಳು. ಸಮಿತಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಸೀಸನ್ನಿನ ಮಧ್ಯದಲ್ಲಿ ಕ್ಯಾಪ್ಟನ್ ತನ್ನ ಹೊಸ ಕ್ಲಬ್ಬಿನೊಡನೆ ಆಡಲು ಬಂದ. ಗ್ಯಾಲರಿಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಒಮ್ಮೆ ಕೈ ಬೀಸಿದ, ಮತ್ತೆ ಆ ಕಡೆ ತಿರುಗಲಿಲ್ಲ. ಪಂದ್ಯ ಮುಗಿದ ಮೇಲೆ ತಮ್ಮ ಓಡಿಹೋಗಿ ಆಟಗಾರರ ಬಸ್ಸಿನ ಹತ್ತಿರ ನಿಂತ.

ಆ ಸಂಜೆ ತಿಂಗಳುಗಳ ಮೇಲೆ ಅವನು ಕೆಳಗಿನ ಮನೆಗೆ ಬಂದ. ಮುಖ ಅರಳಿತ್ತು, ಜಗಳವೇ ಮರೆತುಹೋದ ಹಾಗಿತ್ತು.

"ಅಕ್ಕಾ, ನನ್ನ ಗುರುತು ಹಿಡಿದ! ಅಷ್ಟು ಜನರ ಮಧ್ಯೆ ಕೂಗಿದೆ, 'ಕ್ಯಾಪ್ಟನ್, ವಾಪಸ್ ಬನ್ನಿ' ಅಂತ. ನಿಂತ. ತಿರುಗಿ ನೋಡಿದ. 'ಈ ದನಿ ನಂಗೆ ಗೊತ್ತು' ಅಂದ!"

"ಆಮೇಲೆ?"

"ಆಮೇಲೆ ಬಸ್ ಹತ್ತಿದ. ಕೈ ಕೊಡೋಣ ಅಂತ ಹೋದೆ, ಏನೋ ಅವಸರದಲ್ಲಿದ್ದ. ಆದ್ರೂ ನೋಡು, ಇಷ್ಟು ವರ್ಷ ಕೂಗಿದ್ದು ಅವನ ಮನಸ್ಸಲ್ಲಿ ಉಳಿದಿದೆಯಲ್ಲ!"

ಅಕ್ಕನ ಮುಖವನ್ನೂ ನೋಡದೆ ಅವನು ಆಗಲೇ ಮೆಟ್ಟಿಲು ಹತ್ತುತ್ತಾ ಹೆಂಡತಿಗೂ ಅದೇ ಕತೆ ಕೂಗಿ ಹೇಳುತ್ತಿದ್ದ. ಮರುದಿನ ಬೀದಿಗೆಲ್ಲ ಹೇಳಿದ. ಬಸ್ಸಿನ ಮಕ್ಕಳಿಗೂ ಹೇಳಿದ. ಜನ ಅವನ ಬೆನ್ನು ತಟ್ಟಿದರು. ಕೊನೆಗೆ ಚಹಾ ಅಂಗಡಿಯಲ್ಲಿ ಒಂದು ತೀರ್ಮಾನವಾಯಿತು. ಕ್ಯಾಪ್ಟನ್‌ನ ಅತ್ತೆ ಮಾವನ ಮನೆಗೆ ಹೋಗಿ ಬೇಡಿಕೊಳ್ಳುವುದು, ಮುಂದಿನ ಸೀಸನ್ನಿಗೆ ಅವನನ್ನು ವಾಪಸು ಕರೆಸುವುದು. ರಜೆಗೆ ಅವನ ಹೆಂಡತಿ ಮಗಳೂ ಅಲ್ಲಿಗೇ ಬಂದಿದ್ದಾರಂತೆ, ಮಾತಾಡುವವನು ಕಹಳೆಯೇ ಆಗಬೇಕು, ಅವನ ದನಿ ಎಂದರೆ ಕ್ಯಾಪ್ಟನ್‌ಗೆ ಅಷ್ಟು ಪ್ರೀತಿ.

ಹೊರಡಬೇಕಿದ್ದ ಬೆಳಗ್ಗೆ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಳಿದು ಬಂದ. ದೊಡ್ಡಕ್ಕ ಅಂಗಳದ ತಂತಿಯಿಂದ ಹೊದಿಕೆ ತೆಗೆಯುತ್ತಿದ್ದಳು. ಮಾತು ಕೊಟ್ಟದ್ದು ನೆನಪಿತ್ತು. ಆ ಮನೆಯ ಬಾಗಿಲು ತೆರೆಯುವುದು, ಒಳಗಿನಿಂದ ಆ ಮಗು ಓಡಿ ಬರುವುದು, ತಮ್ಮ ಬಾಯಿ ತೆಗೆಯುವುದು ಕಣ್ಣಿಗೆ ಕಟ್ಟಿತು.

"ಹೋಗ್ಬೇಡ" ಎಂದಳು.

"ಮತ್ತೆ ಶುರು ಮಾಡ್ಬೇಡ ಅಕ್ಕಾ."

"ಅವನನ್ನ ಯಾರೂ ಮಾರಿಲ್ಲ. ಅವನೇ ಹೋಗ್ತೀನಿ ಅಂದ. ನಿನ್ನ ದನಿ ಅವನಿಗೆ ಯಾಕೆ ನೆನಪಿದೆ ಗೊತ್ತಾ?"

ಒಂದನ್ನೂ ಮುಚ್ಚಿಡದೆ ಹೇಳಿದಳು. ಮಗಳು ಕೇಳಿದ ಮಾತನ್ನೂ ಹೇಳಿದಳು. ತಮ್ಮ ಮೊದಲು ನಗಲು ನೋಡಿದ. ಆಮೇಲೆ ಅವನ ಕೈ ತಂತಿಯನ್ನು ಹುಡುಕಿ ಹಿಡಿದುಕೊಂಡಿತು.

"ಇಡೀ ಗ್ಯಾಲರಿ ಕೂಗಿತ್ತು" ಎಂದ.

"ಮೊದಲು ಕೂಗಿದ್ದು ನೀನು."

ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ತಗ್ಗಿತ್ತು. "ನೀನೂ ಕೂಗಿದೆ ಅಕ್ಕಾ. ನನ್ನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ನಿನ್ನ ಬಳೆ ಒಡೆದು ಕೈ ಗೀರಿತ್ತು, ಮನೆಗೆ ಬಂದು ನಾನೇ ಔಷಧಿ ಹಚ್ಚಿದ್ದೆ. ನೆನಪಿಲ್ವಾ?"

ದೊಡ್ಡಕ್ಕನಿಗೆ ನೆನಪಿರಲಿಲ್ಲ. ಮುಂಗೈ ತಿರುಗಿಸಿ ನೋಡಿದಳು. ಒಂದು ಸಣ್ಣ ಬಿಳಿ ಗೆರೆ ಇತ್ತು. ಯಂತ್ರದ ಬಾಗಿಲು ತಾಗಿ ಆದದ್ದು ಎಂದುಕೊಂಡಿದ್ದಳು. ಇಷ್ಟು ದಿನ ತಮ್ಮನ ತಪ್ಪನ್ನು ಹೊತ್ತುಕೊಂಡು ಓಡಾಡುತ್ತಿದ್ದೇನೆ ಎಂದು ಒಳಗೊಳಗೇ ಒಂದು ಹೆಮ್ಮೆ ಇತ್ತಲ್ಲ, ಅದು ಆ ಅಂಗಳದಲ್ಲೇ ಕುಸಿಯಿತು.

ತಮ್ಮ ಆ ಮನೆಗೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದ. ಅವನಿಲ್ಲದೆ ಮಿಕ್ಕವರಿಗೂ ಉತ್ಸಾಹ ಬರಲಿಲ್ಲ, ಮಾತು ಅಲ್ಲಿಗೇ ಬಿದ್ದುಹೋಯಿತು. ಮೂರು ದಿನ ಬಿಟ್ಟು ಅವನು ಊಟಕ್ಕೆ ಕೆಳಗೆ ಬಂದ. ಇಬ್ಬರೂ ನೀರಿನ ಟ್ಯಾಂಕು ಸೋರುವುದರ ಬಗ್ಗೆ ಮಾತಾಡಿದರು.

ಜನರ ಕಣ್ಣಿನಲ್ಲಿ ದೊಡ್ಡಕ್ಕ ಕೈ ಎತ್ತಿದವಳಾಗಿಯೇ ಉಳಿದಳು. ನಿಜ ಹೇಳಿದರೆ ಕ್ಯಾಪ್ಟನ್‌ಗೆ ಕೊಟ್ಟ ಮಾತು ಊರೆದುರೇ ಮುರಿದುಹೋಗುತ್ತಿತ್ತು, ತಮ್ಮನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಒಮ್ಮೆ ಬಾಯ್ಲರಿನವನು ಚಹಾ ಅಂಗಡಿಯಲ್ಲಿ ಏನೋ ಕೊಂಕು ನುಡಿದಾಗ ತಮ್ಮ, "ನಮ್ಮಕ್ಕನ ಸುದ್ದಿಗೆ ಬರಬೇಡಿ" ಎಂದನಂತೆ. "ಯಾಕಪ್ಪಾ, ನೀನೇ ಬಯ್ತಿದ್ದೆಯಲ್ಲ?" ಎಂದು ಕೇಳಿದ್ದಕ್ಕೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದನಂತೆ. ಅವಳು ಸಮಿತಿಯನ್ನು ಬಿಟ್ಟಳು. ಆ ಕುರ್ಚಿಗೆ ಚಹಾ ಅಂಗಡಿಯವನು ಬಂದ. ಅವನು ಎಡಗಾಲಿನವರನ್ನೇ ಹುಡುಕುತ್ತಿದ್ದಾನೆ ಎಂದು ಜನ ನಕ್ಕರು, ನಗುತ್ತಲೇ ಮತ್ತೆ ಆಸೆಯನ್ನೂ ಇಟ್ಟುಕೊಂಡರು.

ಮುಂದಿನ ಸೀಸನ್ನಿನ ಮೊದಲ ಪಂದ್ಯಕ್ಕೆ ಅಕ್ಕ ತಮ್ಮ ಒಟ್ಟಿಗೆ ಹೋದರು. ಹೊಸಬ ಇನ್ನೂ ಇದ್ದ. ಮೊದಲರ್ಧ ಚೆನ್ನಾಗಿಯೇ ಆಡಿದ. ಆಮೇಲೆ ಒಂದು ಚೆಂಡು ಅವನ ಕಾಲಿನಡಿಯಿಂದ ಜಾರಿತು, ಎದುರಿನವರು ಗೋಲು ಹೊಡೆದರು. ಹಿಂದಿನ ಸಾಲಿನಲ್ಲಿ ಯಾರೋ ಅವನ ತಾಯಿಯನ್ನು ಹಿಡಿದು ಬೈದರು. ಗ್ಯಾಲರಿ ನಕ್ಕಿತು. ಇನ್ನೊಬ್ಬ ಅದಕ್ಕೆ ಪ್ರಾಸ ಕಟ್ಟಿದ. ನೋಡನೋಡುತ್ತಿದ್ದಂತೆ ಚಪ್ಪಾಳೆ ಶುರುವಾಯಿತು.

ದೊಡ್ಡಕ್ಕ ತಮ್ಮನ ಕಡೆ ನೋಡಿದಳು, ತಮ್ಮ ಅವಳ ಕಡೆ ನೋಡಿದ. ಎದ್ದು ನಿಂತು ಸಾಕು ಎಂದು ಒಂದು ಮಾತು ಹೇಳಬಹುದಿತ್ತು. ಅವನು ಹೇಳಿದ್ದರೆ ಜನ ಕೇಳುತ್ತಿದ್ದರೋ ಏನೋ. ಇಬ್ಬರೂ ಕೂಗಲಿಲ್ಲ, ಇಬ್ಬರೂ ಏಳಲೂ ಇಲ್ಲ. ಆಟ ಮುಗಿಯುವ ತನಕ ಕೈಕಟ್ಟಿ ಕೂತಿದ್ದು, ಜನರೆಲ್ಲ ಹೋದ ಮೇಲೆ ಮನೆಯ ದಾರಿ ಹಿಡಿದರು.